ಯಾರ ಕಡೆಗೂ ಒಲವಿಲ್ಲ ಅನ್ನೋದೂ ಒಂದು ಒಲವೇನಾ?

ಹೋದ ಸಂಚಿಕೆಯಲ್ಲಿ ನೆದರ್‌ಲ್ಯಾಂಡ್ಸ್ ಸಂವಿಧಾನದ ಮೊದಲನೇ ವಿಧಿಯ ಬಗ್ಗೆ ಮಾತಾಡ್ತಾ ಒಂದು ಪದದ ಹತ್ತಿರ ಬಂದು, ‘ಇದಕ್ಕೆ ಬೇರೆಯೇ ಬರಹ ಬೇಕು’ ಅಂತ ಹೇಳಿ ಮುಂದೆ ಹೋಗಿದ್ದೆ. ಆ ಬರಹ ಇದು. ಕೇಳಿಲ್ಲದವರಿಗೂ ಅರ್ಥ ಆಗೋ ಹಾಗೆ ಮೊದಲಿಂದಲೇ ಶುರು ಮಾಡ್ತೀನಿ.

ಆ ವಿಧಿ ಹೇಳೋದು ಸರಳ. ಈ ನೆಲದಲ್ಲಿರೋ ಎಲ್ಲರನ್ನೂ ಸಮಾನ ಸಂದರ್ಭಗಳಲ್ಲಿ ಸಮಾನವಾಗಿ ನಡೆಸಿಕೊಳ್ಳಬೇಕು. ಧರ್ಮ, ನಂಬಿಕೆ, ರಾಜಕೀಯ ಅಭಿಪ್ರಾಯ, ಜನಾಂಗ, ಲಿಂಗ ಇಂಥ ಯಾವ ಕಾರಣಕ್ಕೂ ತಾರತಮ್ಯ ಮಾಡೋ ಹಾಗಿಲ್ಲ. 2023ರ ಜನವರಿ 17ರಂದು ಡಚ್ ಸಂಸತ್ತಿನ ಮೇಲ್ಮನೆ ಈ ಪಟ್ಟಿಗೆ ಇನ್ನೆರಡನ್ನ ಸೇರಿಸೋಕೆ ಒಪ್ಪಿಗೆ ಕೊಡ್ತು: ಅಂಗವೈಕಲ್ಯ ಮತ್ತು ಲೈಂಗಿಕ ಒಲವು. ಇಲ್ಲಿ ಸಂವಿಧಾನ ತಿದ್ದೋದು ಅಂದ್ರೆ ಎರಡು ಸುತ್ತಿನ ಕೆಲಸ. ಮಧ್ಯೆ ಒಂದು ಚುನಾವಣೆ ನಡೀಬೇಕು, ಎರಡನೇ ಸುತ್ತಲ್ಲಿ ಮೂರನೇ ಎರಡರಷ್ಟು ಬಹುಮತ ಸಿಗಬೇಕು. ಹಾಗಾಗಿ ಒಂದೊಂದು ಪದವನ್ನೂ ಅಳೆದು ತೂಗಿ ಹಾಕಿರ್ತಾರೆ.

‘ಲೈಂಗಿಕ ಒಲವು’ ಅಂತ ನಾನು ಬರೆದದ್ದಕ್ಕೆ ಡಚ್ಚಿನಲ್ಲಿರೋದು ‘ಸೆಕ್ಸುಯೆಲೆ ಖೆರಿಖ್ಟ್‌ಹೈಟ್’. ‘ರಿಖ್ಟೆನ್’ ಅಂದ್ರೆ ಗುರಿ ಹಿಡಿಯೋದು, ಒಂದು ಕಡೆಗೆ ತಿರುಗಿಸೋದು. ಅಂದ್ರೆ ಮನಸ್ಸು ಯಾವ ದಿಕ್ಕಿಗೆ ತಿರುಗಿದೆ ಅನ್ನೋದು ಆ ಪದದ ಒಳಗೇ ಇದೆ. ಗಂಡಿನ ಕಡೆಗೋ, ಹೆಣ್ಣಿನ ಕಡೆಗೋ, ಎರಡೂ ಕಡೆಗೋ. ಸರಿ, ಯಾವ ಕಡೆಗೂ ತಿರುಗದೇ ಇರೋರು? ಅವರಿಗೆ ಈ ಪದ ಅನ್ವಯ ಆಗುತ್ತಾ, ಇಲ್ವಾ? ಇದು ವ್ಯಾಕರಣದ ಪ್ರಶ್ನೆ ಥರ ಕಾಣುತ್ತೆ. ಆದರೆ ಇದರ ಉತ್ತರದ ಮೇಲೆ ಕೆಲವರ ಮದುವೆ, ಕೆಲವರ ಮರ್ಯಾದೆ, ಕೆಲವರ ಮಾತ್ರೆ ಚೀಟಿ ನಿಂತಿದೆ.

ಏಸೆಕ್ಶುಯಲ್ ಅಂತ ಕರೆಯೋದು ಯಾರ ಮೇಲೂ ಲೈಂಗಿಕ ಆಕರ್ಷಣೆ ಹುಟ್ಟದವರನ್ನ. ಕನ್ನಡದಲ್ಲಿ ‘ಅಲೈಂಗಿಕ’ ಅಂತ ಬರೀತೀವಿ. ಹೈಸ್ಕೂಲ್ ಜೀವಶಾಸ್ತ್ರದ ಅಲೈಂಗಿಕ ಸಂತಾನೋತ್ಪತ್ತಿ, ಯೀಸ್ಟು, ಹೈಡ್ರಾ ಎಲ್ಲ ನೆನಪಾಗಿ ನಗು ಬಂದರೂ ಸದ್ಯಕ್ಕೆ ನಮ್ಮ ಹತ್ತಿರ ಇರೋ ಪದ ಅದೇ. ಇವರಲ್ಲಿ ಎಷ್ಟೋ ಜನಕ್ಕೆ ಪ್ರೀತಿ ಆಗುತ್ತೆ, ಜೊತೆಗಾರರು ಬೇಕು ಅನ್ಸುತ್ತೆ, ಮಕ್ಕಳು ಇಷ್ಟ ಇರ್ತಾರೆ. ಇನ್ನು ಕೆಲವರಿಗೆ ಅದೂ ಬೇಡ. ಎಲ್ಲರಲ್ಲೂ ಸಮಾನವಾದದ್ದು ಒಂದೇ: ಬೇರೆಯವರು ‘ಅವನನ್ನ ನೋಡಿದ್ರೆ ಏನೋ ಆಗುತ್ತೆ’ ಅಂದಾಗ, ಆ ‘ಏನೋ’ ಏನು ಅಂತ ಇವರಿಗೆ ಒಳಗಿನಿಂದ ಗೊತ್ತಾಗಲ್ಲ.

ಬ್ರಹ್ಮಚರ್ಯ ಬೇರೆ, ಇದು ಬೇರೆ

ಕನ್ನಡದ ಕಿವಿಗೆ ಇದನ್ನ ಹೇಳಿದ ತಕ್ಷಣ ಬರೋ ಮೊದಲ ಉತ್ತರ ‘ಓ, ಬ್ರಹ್ಮಚಾರಿ!’ ಅಂತ. ಇಲ್ಲೇ ಮೊದಲ ಗೊಂದಲ ಶುರುವಾಗೋದು. ಕಾಮಕ್ಕೆ ಅರಿಷಡ್ವರ್ಗದಲ್ಲಿ ಮೊದಲನೇ ಜಾಗ ಕೊಟ್ಟ ಸಂಪ್ರದಾಯ ನಮ್ಮದು. ಅದೇ ಕಾಮಕ್ಕೆ ನಾಲ್ಕು ಪುರುಷಾರ್ಥಗಳಲ್ಲೂ ಒಂದು ಜಾಗ ಇದೆ. ಗೆಲ್ಲಬೇಕಾದ ಶತ್ರು ಅಂದ್ರೂ, ಸಾಧಿಸಬೇಕಾದ ಗುರಿ ಅಂದ್ರೂ, ಎರಡೂ ಕಡೆ ಒಂದು ನಂಬಿಕೆ ಗಟ್ಟಿಯಾಗಿದೆ: ಅದು ಎಲ್ಲರೊಳಗೂ ಇದೆ. ಬ್ರಹ್ಮಚಾರಿ ಅದನ್ನ ತಡೆದು ಹಿಡೀತಾನೆ, ಅದಕ್ಕೇ ಅವನಿಗೆ ಗೌರವ. ತಡೆಯೋಕೆ ಏನೂ ಇಲ್ಲದವರ ಬಗ್ಗೆ ಆ ಶಾಸ್ತ್ರಕ್ಕೆ ಹೇಳೋಕೆ ಹೆಚ್ಚೇನೂ ಇಲ್ಲ.

ಯುರೋಪಿನ ಕಥೆಯೂ ಹೆಚ್ಚುಕಮ್ಮಿ ಹಂಗೇ. ಆಮ್‌ಸ್ಟರ್‌ಡ್ಯಾಮ್‌ಗೆ ಬಂದೋರು ಸ್ಪಾಯ್ ಚೌಕದ ಪಕ್ಕ ಒಂದು ಬಾಗಿಲು ದಾಟಿದರೆ ಬೆಖೈನ್‌ಹೊಫ್ ಅನ್ನೋ ಅಂಗಳ ಸಿಗುತ್ತೆ. ಸುತ್ತ ಹಳೇ ಮನೆಗಳು, ನಡುವೆ ಹುಲ್ಲು, ಹೊರಗಿನ ಟ್ರಾಮ್ ಸದ್ದು ಒಳಗೆ ಬರಲ್ಲ. ಹದಿನಾಲ್ಕನೇ ಶತಮಾನದಿಂದ ಇಲ್ಲಿ ‘ಬೆಖೈನ್’ ಅನ್ನೋ ಹೆಂಗಸರು ವಾಸ ಮಾಡ್ತಿದ್ರು. ಸನ್ಯಾಸಿನಿಯರ ಹಾಗೆ ಜೀವನಪೂರ್ತಿ ಪ್ರತಿಜ್ಞೆ ಇಲ್ಲ. ಇಲ್ಲಿರೋವರೆಗೆ ಮದುವೆ ಇಲ್ಲ, ಗಂಡಸಿನ ಸಂಗ ಇಲ್ಲ. ಬೇಕು ಅನ್ಸಿದ ದಿನ ಹೊರಗೆ ಹೋಗಿ ಮದುವೆ ಆಗಬಹುದಿತ್ತು. ದುಡಿದು ತಿಂತಿದ್ರು. 1578ರಲ್ಲಿ ಊರು ಪ್ರಾಟೆಸ್ಟೆಂಟರ ಕೈಗೆ ಹೋದಾಗ ಅವರ ಚರ್ಚನ್ನ ಕಿತ್ತುಕೊಂಡರು. ಮನೆಗಳು ಮಾತ್ರ ಆ ಹೆಂಗಸರ ಸ್ವಂತ ಆಸ್ತಿ ಆಗಿದ್ದರಿಂದ ಉಳಿದುಕೊಂಡವು. ಅಲ್ಲಿನ ಕೊನೆಯ ಬೆಖೈನ್ ತೀರಿಕೊಂಡದ್ದು 1971ರಲ್ಲಿ.

ಬೆಖೈನ್‌ಗಳೆಲ್ಲ ಅಲೈಂಗಿಕರಾಗಿದ್ರು ಅಂತ ನಾನು ಹೇಳ್ತಿಲ್ಲ. ಹಂಗೆ ಹೇಳೋದು ಇತಿಹಾಸದ ಮೇಲೆ ನಮ್ಮ ಇವತ್ತಿನ ಲೇಬಲ್ ಅಂಟಿಸಿದ ಹಾಗೆ. ದೇವರ ಭಕ್ತಿಗೆ ಬಂದವರು, ವಿಧವೆಯರು, ಹೆರಿಗೆಯಲ್ಲಿ ಸಾಯೋ ಭಯಕ್ಕೆ ಬಂದವರು, ವರದಕ್ಷಿಣೆಗೆ ದುಡ್ಡಿಲ್ಲದವರು, ಎಲ್ಲರೂ ಅಲ್ಲಿದ್ದಿರಬಹುದು. ಅವರ ಜೊತೆ, ಯಾವ ಗಂಡಸಿನ ಮೇಲೂ ಹೆಂಗಸಿನ ಮೇಲೂ ಏನೂ ಅನ್ನಿಸದೇ ಇದ್ದ ಒಬ್ಬಾಕೆ ಇದ್ದಿದ್ರೆ, ಅವಳಿಗೆ ಕಾರಣ ಕೊಡಬೇಕಾದ ಪ್ರಮೇಯವೇ ಬರ್ತಿರಲಿಲ್ಲ. ಜಾಗ ಇತ್ತು, ಹೆಸರು ಬೇಕಿರಲಿಲ್ಲ.

ಇದು ಬರೀ ಒಂದು ಅಂಗಳದ ಕಥೆಯೂ ಅಲ್ಲ. 1965ರಲ್ಲಿ ಜಾನ್ ಹೈನಲ್ ಅನ್ನೋ ಜನಸಂಖ್ಯಾ ಶಾಸ್ತ್ರಜ್ಞ ಯುರೋಪಿನ ನಕ್ಷೆ ಮೇಲೆ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಟ್ರಿಯೆಸ್ಟ್‌ವರೆಗೆ ಒಂದು ಗೆರೆ ಎಳೆದ. ಆ ಗೆರೆಯ ಪಶ್ಚಿಮಕ್ಕೆ, ಅಂದ್ರೆ ನೆದರ್‌ಲ್ಯಾಂಡ್ಸ್ ಇರೋ ಕಡೆ, ಶತಮಾನಗಳಿಂದ ಹೆಂಗಸರು ತಡವಾಗಿ ಮದುವೆ ಆಗ್ತಿದ್ರು, ಮತ್ತೆ ಹತ್ತರಲ್ಲಿ ಒಬ್ಬರೋ ಅದಕ್ಕಿಂತ ಹೆಚ್ಚೋ ಜನ ಮದುವೆಯೇ ಆಗ್ತಿರಲಿಲ್ಲ. ಕೂಲಿ ಕೆಲಸ, ಮನೆಗೆಲಸದ ಸಂಬಳ ಅವರನ್ನ ಸಾಕ್ತಿತ್ತು. ನಮ್ಮಲ್ಲಿ ಮದುವೆ ಬಹುತೇಕ ಎಲ್ಲರಿಗೂ ಆಗಲೇಬೇಕಾದ ಕೆಲಸ. ಮದುವೆ ಬೇಡ ಅಂದವರಿಗೆ ಮರ್ಯಾದೆ ಇದ್ದ ಜಾಗ ಅಂದ್ರೆ ಮಠ, ಇಲ್ಲವೇ ಜೈನ ಸನ್ಯಾಸ. ಅದು ಬಿಟ್ರೆ ತವರಲ್ಲೇ ಉಳಿದ ಸೋದರತ್ತೆ; ಅಡುಗೆಮನೆ ಅವಳದ್ದು, ಮಾತು ಮಾತ್ರ ಊರಿನದ್ದು.

ಕಡತದಲ್ಲಿ ಸಿಗದವರು

ದಿನಾ ಡೇಟಾ ಜೊತೆ ಕೆಲಸ ಮಾಡೋನಾದ್ದರಿಂದ ನನಗೆ ಮೊದಲು ಬರೋ ಪ್ರಶ್ನೆ: ಈ ಮಾಹಿತಿ ಯಾಕೆ ಸಂಗ್ರಹ ಆಯ್ತು? ಯಾರು, ಯಾವ ಉದ್ದೇಶಕ್ಕೆ ಬರೆದಿಟ್ಟರು? ಲೈಂಗಿಕತೆಯ ಇತಿಹಾಸ ಬರೆಯೋರ ಕೈಲಿರೋ ದಾಖಲೆಗಳು ಬಹುಪಾಲು ಮೂರು ಕಡೆಯಿಂದ ಬರುತ್ತವೆ: ನ್ಯಾಯಾಲಯ, ಪೊಲೀಸು, ಆಸ್ಪತ್ರೆ.

ನೆದರ್‌ಲ್ಯಾಂಡ್ಸ್‌ನದ್ದೇ ಉದಾಹರಣೆ ತಗೊಳ್ಳಿ. 1730ರಲ್ಲಿ ಉಟ್ರೆಕ್ಟ್ ಊರಲ್ಲಿ ಶುರುವಾದ ವಿಚಾರಣೆಗಳು ಇಡೀ ಡಚ್ ಗಣರಾಜ್ಯಕ್ಕೆ ಹಬ್ಬಿ, ಗಂಡಸರ ಜೊತೆ ಮಲಗಿದ ಆರೋಪದ ಮೇಲೆ ಅನೇಕ ಗಂಡಸರಿಗೆ ಮರಣದಂಡನೆ ಆಯ್ತು. ಉಟ್ರೆಕ್ಟ್‌ನ ಡೊಮ್ ಚೌಕದಲ್ಲಿ ಅವರ ನೆನಪಿಗೆ ಒಂದು ಕಲ್ಲಿದೆ. ಅವರು ಬದುಕಿದ್ರು ಅಂತ ನಮಗೆ ಗೊತ್ತಾಗಿರೋದೇ ಅವರನ್ನ ಕೊಂದ ಕಡತಗಳಿಂದ. 1811ರಲ್ಲಿ ಫ್ರೆಂಚರ ದಂಡ ಸಂಹಿತೆ ಇಲ್ಲಿಗೆ ಬಂದಾಗ ಆ ಅಪರಾಧ ಕಾನೂನಿನಿಂದ ಹೋಯ್ತು. 1911ರಲ್ಲಿ 248-ಬಿಸ್ ಅನ್ನೋ ಕಲಂ ಬಂದು, ಗಂಡು–ಹೆಣ್ಣಿನ ಸಂಬಂಧಕ್ಕೆ 16 ವರ್ಷ, ಸಲಿಂಗ ಸಂಬಂಧಕ್ಕೆ 21 ವರ್ಷ ಅಂತ ಬೇರೆ ಬೇರೆ ಮಿತಿ ಹಾಕ್ತು. ಅದರ ವಿರುದ್ಧ ಯಾಕೋಬ್ ಸ್ಕೋರರ್ ಅನ್ನೋ ವಕೀಲ 1912ರಲ್ಲಿ ಸಂಘ ಕಟ್ಟಿದ, ಕರಪತ್ರ ಹಂಚಿದ. 1946ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಕೂಟ ಮುಂದೆ ‘ಸಿಒಸಿ’ ಆಯ್ತು. ಇವತ್ತೂ ಉಳಿದಿರೋ ಇಂಥ ಸಂಘಟನೆಗಳಲ್ಲಿ ಜಗತ್ತಿನಲ್ಲೇ ಹಳೇದು ಅದು. 248-ಬಿಸ್ ಹೋದದ್ದು 1971ರಲ್ಲಿ.

ಈ ಇಡೀ ಹೋರಾಟದ ಕಥೆಯಲ್ಲಿ ಅಲೈಂಗಿಕರು ಎಲ್ಲಿ? ಎಲ್ಲೂ ಇಲ್ಲ. ಕಾನೂನು ಶಿಕ್ಷೆ ಕೊಡೋದು ಏನಾದ್ರೂ ಮಾಡಿದವರಿಗೆ. ಏನೂ ಮಾಡದವರ ಮೇಲೆ ಎಫ್‌ಐಆರ್ ಆಗಲ್ಲ, ಸಾಕ್ಷಿ ಹೇಳೋಕೆ ಪಕ್ಕದ ಮನೆಯವರು ಬರಲ್ಲ. ಅದಕ್ಕೇ ‘ಇದು ಇಂಟರ್ನೆಟ್ ಕಾಲದ ಹೊಸ ಫ್ಯಾಷನ್ನು, ಮೊದಲು ಇಂಥವರು ಎಲ್ಲಿದ್ರು?’ ಅನ್ನೋ ವಾದ ನನಗೆ ಒಪ್ಪಿಗೆ ಆಗಲ್ಲ. ಗಲಾಟೆ ಆದಾಗ ಮಾತ್ರ ತುಂಬೋ ರಿಜಿಸ್ಟರ್ ಹಿಡ್ಕೊಂಡು, ಸುಮ್ಮನಿದ್ದವರ ಹೆಸರು ಅದರಲ್ಲಿಲ್ಲ ಅಂತ ಹೇಳಿದ ಹಾಗಾಗುತ್ತೆ ಅದು.

ವೈದ್ಯರ ಕಡತದಲ್ಲಿ ಮಾತ್ರ ಒಂದು ಸುಳಿವಿದೆ. 1886ರಲ್ಲಿ ಕ್ರಾಫ್ಟ್-ಎಬಿಂಗ್ ಅನ್ನೋ ಮನೋವೈದ್ಯ ಬರೆದ ದೊಡ್ಡ ಗ್ರಂಥದಲ್ಲಿ ಲೈಂಗಿಕ ಭಾವನೆಯೇ ಇಲ್ಲದ ಸ್ಥಿತಿಗೆ ಒಂದು ಲ್ಯಾಟಿನ್ ಹೆಸರಿದೆ. ಅನಸ್ತೇಷಿಯಾ ಅನ್ನೋ ಪದವನ್ನೇ ಬಳಸಿ ಮಾಡಿದ ಹೆಸರು: ಮರಗಟ್ಟಿದ ಅಂಗ ಇದ್ದ ಹಾಗೆ. ಹೀಗೆ ಪುಸ್ತಕಕ್ಕೆ ಕಾಲಿಟ್ಟಾಗಲೇ ಅದು ಕಾಯಿಲೆಯಾಗಿ ಬಂತು.

‘ಎಕ್ಸ್’ ಅನ್ನೋ ಕಾಲಂ

ಈಗ ನನಗೆ ಇಷ್ಟವಾದ ಭಾಗ. ಆಲ್ಫ್ರೆಡ್ ಕಿನ್ಸಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ. ಸಾವಿರಗಟ್ಟಲೆ ಕಣಜಗಳನ್ನ ಸಂಗ್ರಹಿಸಿ ವಿಂಗಡಿಸಿದವರು. ಅದೇ ಶ್ರದ್ಧೆಯಿಂದ ಅವರು ಮನುಷ್ಯರ ಲೈಂಗಿಕ ನಡವಳಿಕೆಯನ್ನೂ ವಿಂಗಡಿಸೋಕೆ ಹೊರಟರು. 1948ರಲ್ಲಿ ಗಂಡಸರ ವರದಿ, 1953ರಲ್ಲಿ ಹೆಂಗಸರ ವರದಿ. ಅವರ ಅಳತೆಗೋಲು ಪ್ರಸಿದ್ಧ: 0 ಅಂದ್ರೆ ಪೂರ್ತಿ ವಿರುದ್ಧಲಿಂಗದ ಕಡೆ, 6 ಅಂದ್ರೆ ಪೂರ್ತಿ ಸಲಿಂಗದ ಕಡೆ, ಮಧ್ಯೆ ಉಳಿದವರು.

ಆದರೆ ಕೆಲವರು ಈ ಕೋಲಿನ ಮೇಲೆ ಎಲ್ಲೂ ಕೂರಲಿಲ್ಲ. ಅವರನ್ನ ಕಿನ್ಸಿ ತಂಡ ‘ಎಕ್ಸ್’ ಅಂತ ಗುರುತು ಹಾಕಿ ಪಕ್ಕಕ್ಕಿಟ್ಟಿತು. ಗಂಡಸರಲ್ಲಿ ಸುಮಾರು 1.5 ಶೇಕಡಾ ಎಕ್ಸ್. ಎರಡನೇ ವರದಿಯಲ್ಲಿ, ಮದುವೆಯಾಗದ ಹೆಂಗಸರಲ್ಲಿ 14ರಿಂದ 19 ಶೇಕಡಾ, ಮದುವೆಯಾಗದ ಗಂಡಸರಲ್ಲಿ 3ರಿಂದ 4 ಶೇಕಡಾ. ಹುಷಾರಾಗಿ ಓದಬೇಕಾದ ಅಂಕಿಗಳು ಇವು. ಕಿನ್ಸಿ ಮಾತಾಡಿಸಿದವರು ಲಾಟರಿ ಎತ್ತಿ ಆರಿಸಿದ ಜನ ಆಗಿರಲಿಲ್ಲ. ಆ ಕಾಲದಲ್ಲಿ ಮದುವೆಯಾಗದ ಹೆಣ್ಣು ಬಾಯಿ ಬಿಟ್ಟು ಹೇಳೋಕೆ ಹೆದರ್ತಿದ್ದದ್ದೂ ಅದರಲ್ಲಿ ಸೇರಿರುತ್ತೆ. ಆದರೂ ಒಂದು ಮಾತು ನಿಜ: ಕಾಲಂ ಇತ್ತು, ಅದರಲ್ಲಿ ಜನ ಇದ್ರು. ಮುಂದಿನ ಇಪ್ಪತ್ತೈದು ವರ್ಷ ಎಲ್ಲರೂ 0ಯಿಂದ 6ರ ಬಗ್ಗೆಯೇ ಮಾತಾಡಿದರು. ಎಕ್ಸ್ ಬರೀ ಅಡಿಟಿಪ್ಪಣಿ.

ಡೇಟಾ ಕೆಲಸಕ್ಕೆ ಸೇರಿದ ಹೊಸಬರಿಗೆ ಮೊದಲ ವಾರ ಹೇಳಿಕೊಡೋ ಪಾಠ ಒಂದಿದೆ. ಸೊನ್ನೆ ಬೇರೆ, ಖಾಲಿ ಬೇರೆ. ಮಳೆ ಮಾಪಕದಲ್ಲಿ ‘0 ಮಿಲಿಮೀಟರ್’ ಅಂತ ಇದ್ರೆ ಅವತ್ತು ಅಳೆದಿದ್ದಾರೆ, ಮಳೆ ಬಂದಿಲ್ಲ. ಖಾಲಿ ಬಿಟ್ಟಿದ್ರೆ ಯಾರೂ ಅಳೆದೇ ಇಲ್ಲ. ಖಾಲಿ ಸಾಲನ್ನ ಅಳಿಸಿ ಹಾಕಬಹುದು. ಸೊನ್ನೆಯನ್ನ ಅಳಿಸಿದ್ರೆ ಲೆಕ್ಕ ತಪ್ಪುತ್ತೆ. ಲೈಂಗಿಕತೆಯ ಅಧ್ಯಯನದಲ್ಲಿ ಬಹಳ ಕಾಲ ಆದದ್ದು ಇದೇ ತಪ್ಪು.

ಅದನ್ನ ಸರಿಪಡಿಸಿದ್ದು ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೈಕೆಲ್ ಸ್ಟಾರ್ಮ್ಸ್. 1980ರಲ್ಲಿ ಅವರು ಹೇಳಿದ್ದು: ಒಂದೇ ಕೋಲು ಸಾಲದು, ಎರಡು ಬೇಕು. ಹೆಣ್ಣಿನ ಕಡೆಗಿನ ಆಕರ್ಷಣೆ ಒಂದು ಅಕ್ಷ, ಗಂಡಿನ ಕಡೆಗಿನದ್ದು ಇನ್ನೊಂದು. ಎರಡೂ ಹೆಚ್ಚಿದ್ರೆ ದ್ವಿಲಿಂಗಿ. ಎರಡೂ ಕಡಿಮೆ ಇದ್ರೆ ಅಲೈಂಗಿಕ. ಒಂದೇ ಕೋಲಿನ ಲೆಕ್ಕದಲ್ಲಿ ದ್ವಿಲಿಂಗಿಯೂ ಅಲೈಂಗಿಕರೂ ನಡುವೆ ಎಲ್ಲೋ ಗುಂಪಾಗಿ ಕಳೆದುಹೋಗ್ತಿದ್ರು. ಎರಡು ಅಕ್ಷ ಹಾಕಿದ ಕೂಡಲೇ ಎದುರುಬದುರು ಮೂಲೆಗೆ ಹೋದರು. ಸೊನ್ನೆ–ಸೊನ್ನೆ ಅನ್ನೋ ಬಿಂದು ಗ್ರಾಫಿನ ಹೊರಗಿಲ್ಲ, ಒಳಗೇ ಇದೆ. ಒಲವು ಅನ್ನೋದನ್ನ ಹೀಗೆ ಅಳೆಯೋದಾದರೆ ‘ಯಾರ ಕಡೆಗೂ ಇಲ್ಲ’ ಅನ್ನೋದೂ ಅದೇ ಅಳತೆಯ ಒಂದು ಉತ್ತರ.

ಆಮೇಲೆ ದೊಡ್ಡ ಸಂಖ್ಯೆ ಬಂದದ್ದು ವಿಚಿತ್ರ ದಾರಿಯಲ್ಲಿ. 1980ರ ದಶಕದಲ್ಲಿ ಏಡ್ಸ್ ಭಯ. ಬ್ರಿಟನ್ನಿನಲ್ಲಿ ಜನರ ಲೈಂಗಿಕ ನಡವಳಿಕೆಯ ದೊಡ್ಡ ಸಮೀಕ್ಷೆಗೆ ತಯಾರಿ ನಡೀತು. ಥ್ಯಾಚರ್ ಸರ್ಕಾರ ದುಡ್ಡು ಕೊಡಲ್ಲ ಅಂತು, ವೆಲ್ಕಮ್ ಟ್ರಸ್ಟ್ ಕೊಡ್ತು. ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಉತ್ತರ ಕೊಟ್ಟರು. ಆಕರ್ಷಣೆಯ ಪ್ರಶ್ನೆಗೆ ಇದ್ದ ಆಯ್ಕೆಗಳಲ್ಲಿ ಒಂದು: ಇದುವರೆಗೆ ಯಾರ ಮೇಲೂ ಲೈಂಗಿಕ ಆಕರ್ಷಣೆ ಆಗಿಲ್ಲ. ಸುಮಾರು 1 ಶೇಕಡಾ ಜನ ಅದಕ್ಕೆ ಗುರುತು ಹಾಕಿದ್ರು. ಸಮೀಕ್ಷೆ ಮಾಡಿದವರು ಹುಡುಕ್ತಿದ್ದದ್ದು ವೈರಸ್ ಹೇಗೆ ಹರಡುತ್ತೆ ಅಂತ. ಈ 1 ಶೇಕಡಾ ಜನರಿಂದ ವೈರಸ್ ಹರಡಲ್ಲ. ಹಾಗಾಗಿ ಆ ಉತ್ತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಫೈಲಲ್ಲೇ ಇತ್ತು. 2004ರಲ್ಲಿ ಕೆನಡಾದ ಆಂಟನಿ ಬೊಗಾರ್ಟ್ ಅದೇ ಡೇಟಾ ತೆಗೆದು ಆ ಸಾಲನ್ನ ಓದಿದರು. ಅಲೈಂಗಿಕತೆಯ ಬಗ್ಗೆ ಇವತ್ತಿನ ಸಂಶೋಧನೆ ಬೆಳೆದದ್ದು ಬಹುಮಟ್ಟಿಗೆ ಅಲ್ಲಿಂದ.

ಬಿಡುಗಡೆಯ ಕಾಲದ ಹೊಸ ಒತ್ತಡ

ಮತ್ತೆ ನೆದರ್‌ಲ್ಯಾಂಡ್ಸ್‌ಗೆ ಬರೋಣ. ಲೈಂಗಿಕ ವಿಷಯದಲ್ಲಿ ಇಷ್ಟು ಮುಕ್ತವಾದ ದೇಶದಲ್ಲಿ ಅಲೈಂಗಿಕರಿಗೆ ಏನು ಕಷ್ಟ ಅಂತ ಕೇಳಬಹುದು. ಕಷ್ಟದ ಒಂದು ಪಾಲು ಆ ಮುಕ್ತತೆಯಿಂದಲೇ ಬಂತು.

ಸಿಒಸಿ ಹುಟ್ಟಿದ 1946ರಲ್ಲೇ ಇಲ್ಲಿ ‘ಎನ್‌ವಿಎಸ್‌ಎಚ್’ ಅನ್ನೋ ಲೈಂಗಿಕ ಸುಧಾರಣಾ ಸಂಘವೂ ಹುಟ್ಟಿತು. ಗರ್ಭನಿರೋಧಕ, ಸಲಹಾ ಕೇಂದ್ರ, ಲೈಂಗಿಕ ಶಿಕ್ಷಣ ಅದರ ಕೆಲಸ. 1960ರ ದಶಕದ ಮಧ್ಯಕ್ಕೆ ಸದಸ್ಯರ ಸಂಖ್ಯೆ ಎರಡು ಲಕ್ಷ ದಾಟಿತ್ತು. ಅವರ ಕೆಲಸದ ಉಪಕಾರ ದೊಡ್ಡದು. ಬೇಡದ ಬಸಿರಿನ ಭಯದಿಂದ ಲಕ್ಷಾಂತರ ಹೆಂಗಸರು ಬಿಡುಗಡೆ ಆದರು. ಆದರೆ ಅದರ ಜೊತೆಗೇ ಒಂದು ಹೊಸ ನಂಬಿಕೆ ಬೇರೂರಿತು: ಆರೋಗ್ಯವಂತ ಮನುಷ್ಯನಿಗೆ ಲೈಂಗಿಕ ಬದುಕು ಇರಲೇಬೇಕು, ಇಲ್ಲ ಅಂದ್ರೆ ಚರ್ಚೋ ಅಪ್ಪನೋ ಏನೋ ಒಳಗೆ ಅದುಮಿಟ್ಟಿದೆ. ಮೊದಲು ‘ಬೇಕು’ ಅಂದ ಹುಡುಗಿಯನ್ನ ಅನುಮಾನದಿಂದ ನೋಡ್ತಿದ್ರು, ಈಗ ‘ಬೇಡ’ ಅಂದ ಹುಡುಗಿಯನ್ನ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಲೈಂಗಿಕ ಆಸೆ ಕಡಿಮೆ ಇರೋದು ಅಧಿಕೃತವಾಗಿ ಒಂದು ಕಾಯಿಲೆಯ ಹೆಸರು ಪಡೀತು. ಅದೇ ಕೈಪಿಡಿ ಸಲಿಂಗ ಪ್ರೇಮವನ್ನ ಪಟ್ಟಿಯಿಂದ ಕೈಬಿಡೋ ತೀರ್ಮಾನ ಆಗಿದ್ದು 1973ರಲ್ಲಿ.

2001ರ ಏಪ್ರಿಲ್ 1ರಂದು ಜಗತ್ತಿನ ಮೊದಲ ಕಾನೂನುಬದ್ಧ ಸಲಿಂಗ ಮದುವೆಗಳು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದವು. ಅದೇ ವರ್ಷ ಅಮೆರಿಕದಲ್ಲಿ ಡೇವಿಡ್ ಜೇ ಅನ್ನೋ ಕಾಲೇಜು ವಿದ್ಯಾರ್ಥಿ ಅಲೈಂಗಿಕರಿಗಾಗಿ ‘ಏವೆನ್’ ಅನ್ನೋ ಜಾಲತಾಣ ಶುರು ಮಾಡಿದ. ಕಡತದಲ್ಲಿ ಸಿಗದ ಜನ ಅಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡರು. 2002ರಲ್ಲಿ ನ್ಯೂಯಾರ್ಕ್ ರಾಜ್ಯ ತಾರತಮ್ಯ ವಿರೋಧಿ ಕಾನೂನು ಮಾಡಿದಾಗ ಲೈಂಗಿಕ ಒಲವಿನ ವ್ಯಾಖ್ಯಾನದಲ್ಲಿ ಅಲೈಂಗಿಕತೆಯ ಹೆಸರನ್ನೇ ಬರೀತು. ನೆದರ್‌ಲ್ಯಾಂಡ್ಸ್ 1994ರಲ್ಲಿ ಮಾಡಿದ ಸಮಾನತೆ ಕಾಯ್ದೆಯಲ್ಲಿ ಇದ್ದದ್ದು ‘ವಿರುದ್ಧಲಿಂಗ ಅಥವಾ ಸಲಿಂಗ ಒಲವು’ ಅನ್ನೋ ಎರಡೇ ಬಾಗಿಲು. ದಾರಿ ತೋರಿಸಿದ ದೇಶ ಅಂತ ಹೆಸರು ಮಾಡಿದ ಜಾಗದಲ್ಲೂ ಪದಗಳು ಹಿಂದೆ ಬಿದ್ದಿದ್ದವು. 2023ರಲ್ಲಿ ಸಂವಿಧಾನಕ್ಕೆ ಬರೀ ‘ಲೈಂಗಿಕ ಒಲವು’ ಅಂತ ಬಂದದ್ದು ಅದಕ್ಕೇ ಮುಖ್ಯ. ಎರಡು ಬಾಗಿಲು ಇದ್ದ ಕಡೆ ಅಂಗಳ ತೆರೆದಂಗೆ ಆಯ್ತು.

ಎಣಿಕೆಯಲ್ಲೂ ಬದಲಾವಣೆ ಬಂತು. ಈ ದೇಶದಲ್ಲಿ ಮನೆಮನೆ ಜನಗಣತಿ ಕೊನೆ ಸಲ ನಡೆದದ್ದು 1971ರಲ್ಲಿ. ಈಗ ಎಲ್ಲ ನೋಂದಣಿ ದಾಖಲೆ ಮತ್ತು ಮಾದರಿ ಸಮೀಕ್ಷೆಗಳಿಂದ. 2023ರ ಸಮೀಕ್ಷೆ ಆಧರಿಸಿ ಡಚ್ ಅಂಕಿಅಂಶ ಇಲಾಖೆ, 15 ದಾಟಿದವರಲ್ಲಿ ಸುಮಾರು 27 ಲಕ್ಷ ಜನ, ಅಂದ್ರೆ 18 ಶೇಕಡಾ, ಲೈಂಗಿಕ ಮತ್ತು ಲಿಂಗ ಅಲ್ಪಸಂಖ್ಯಾತರು ಅಂತ ಲೆಕ್ಕ ಹಾಕ್ತು. ಆ ಎಣಿಕೆಯಲ್ಲಿ ಅಲೈಂಗಿಕರೂ ಸೇರಿದ್ದಾರೆ. ಕಿನ್ಸಿ ಎಕ್ಸ್ ಅಂತ ಪಕ್ಕಕ್ಕಿಟ್ಟವರ ಥರದ ಜನಕ್ಕೆ ಒಂದು ಸರ್ಕಾರಿ ಕೋಷ್ಟಕದಲ್ಲಿ ಹೆಸರಿನ ಜೊತೆ ಜಾಗ ಸಿಕ್ಕಿತು.

ಹಾಗಾದ್ರೆ ಇದು ಒಲವೇನಾ?

ನನ್ನ ಉತ್ತರ ಹೌದು. ಬೇರೆ ಒಲವುಗಳನ್ನ ಒಲವು ಅಂತ ಒಪ್ಪೋಕೆ ಯಾವ ಪರೀಕ್ಷೆ ಇಟ್ಟಿದ್ದೀವೋ, ಅದನ್ನೇ ಇಲ್ಲಿ ಇಡೋಣ. ಆರಿಸಿಕೊಂಡದ್ದಾ? ಅಲ್ಲ, ಹರೆಯದಿಂದಲೇ ಹೀಗೆ ಅಂತ ಹೇಳೋರು ಹೆಚ್ಚು. ನಡವಳಿಕೆಯಿಂದ ಬೇರೆಯಾಗಿ ನಿಲ್ಲುತ್ತಾ? ನಿಲ್ಲುತ್ತೆ, ಮದುವೆಯಾಗಿ ಮಕ್ಕಳಿರೋ ಅಲೈಂಗಿಕರಿದ್ದಾರೆ, ಒಬ್ಬರೂ ಜೊತೆಗಿಲ್ಲದ ವಿರುದ್ಧಲಿಂಗಿಗಳೂ ಇದ್ದಾರೆ. ದೇಹದ ತೊಂದರೆಯಾ? ಕೆನಡಾದ ಲೋರಿ ಬ್ರಾಟೊ ಮತ್ತು ಮೊರ್ಯಾಗ್ ಯೂಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲೈಂಗಿಕ ಹೆಂಗಸರ ದೈಹಿಕ ಪ್ರತಿಕ್ರಿಯೆ ಬೇರೆಯವರಷ್ಟೇ ಕಂಡಿತು. ದೇಹ ಸರಿಯಾಗೇ ಕೆಲಸ ಮಾಡ್ತಿತ್ತು, ಅದು ಯಾವ ವ್ಯಕ್ತಿಯ ಕಡೆಗೂ ತಿರುಗ್ತಿರಲಿಲ್ಲ. ಕಾಯಿಲೆ, ವಿಕೃತಿ, ಒಲವು, ಯಾವುದೂ ಅಲ್ಲ ಅನ್ನೋ ನಾಲ್ಕು ಸಾಧ್ಯತೆಗಳನ್ನ ಇಬ್ಬರೂ ಆಮೇಲೆ ಒಂದೊಂದಾಗಿ ತೂಗಿ ನೋಡಿ, ಒಲವು ಅನ್ನೋದೇ ಹೆಚ್ಚು ಹೊಂದುತ್ತೆ ಅಂದರು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿಯೂ, ತನ್ನನ್ನ ಅಲೈಂಗಿಕ ಅಂತ ಗುರುತಿಸಿಕೊಂಡವರಿಗೆ ಆಸೆ ಇಲ್ಲದ ಕಾಯಿಲೆಯ ಹಣೆಪಟ್ಟಿ ಹಚ್ಚಬೇಡಿ ಅಂತ ಹೇಳ್ತು.

ಎದುರು ವಾದಗಳಲ್ಲಿ ಹುರುಳಿರೋದೂ ಇದೆ. ಮೊದಲು ಆಸೆ ಇದ್ದು ಇದ್ದಕ್ಕಿದ್ದ ಹಾಗೆ ಹೋದರೆ ಥೈರಾಯ್ಡು, ಖಿನ್ನತೆ, ಔಷಧದ ಅಡ್ಡಪರಿಣಾಮ, ಹಳೇ ಆಘಾತ ಏನಾದರೂ ಇರಬಹುದು, ವೈದ್ಯರನ್ನ ನೋಡಲೇಬೇಕು. ಆಸೆ ಹೋಯ್ತಲ್ಲ ಅಂತ ಸಂಕಟ ಪಡೋರಿಗೂ, ಅದು ಎಂದೂ ಇಲ್ಲದೆ ನೆಮ್ಮದಿಯಾಗಿರೋರಿಗೂ ವ್ಯತ್ಯಾಸ ಇದೆ. ಈಚೆಗೆ ಅಲೈಂಗಿಕತೆಯ ಸುತ್ತ ಹುಟ್ಟಿಕೊಂಡಿರೋ ಹತ್ತಾರು ಉಪಹೆಸರುಗಳೆಲ್ಲ ಒಂದೊಂದು ಪ್ರತ್ಯೇಕ ಒಲವು ಅಂತ ನಾನು ವಾದಿಸಲ್ಲ. ನಾನು ಹೇಳ್ತಿರೋದು ಆಕರ್ಷಣೆ ಅನ್ನೋದು ಎಂದೂ ಇಲ್ಲದವರ ಬಗ್ಗೆ.

ಇನ್ನೊಂದು ವಾದ: ‘ಇವರನ್ನ ಯಾರೂ ಜೈಲಿಗೆ ಹಾಕಿಲ್ಲ, ಹೊಡೆದಿಲ್ಲ, ಇವರಿಗ್ಯಾಕೆ ಕಾನೂನಿನ ಮಾತು?’ ಇದಕ್ಕೆ ಉತ್ತರ ಮದುವೆಯ ಕಾನೂನಿನಲ್ಲಿದೆ.

ಎರಡು ದೇಶ, ಎರಡು ಮದುವೆ

ಡಚ್ ನಾಗರಿಕ ಸಂಹಿತೆಯಲ್ಲಿ ಮದುವೆಯ ಅಧ್ಯಾಯ ತೆಗೆದರೆ ಒಂದು ಒಣ ವಾಕ್ಯ ಸಿಗುತ್ತೆ: ಕಾನೂನು ಮದುವೆಯನ್ನ ಅದರ ನಾಗರಿಕ ಸಂಬಂಧಗಳ ಮಟ್ಟಿಗೆ ಮಾತ್ರ ನೋಡುತ್ತೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಕೊಡಬೇಕಾದ್ದು ನಿಷ್ಠೆ, ನೆರವು, ಆಸರೆ. ಮಲಗೋ ಕೋಣೆಯ ಲೆಕ್ಕ ಕಾನೂನಿಗೆ ಬೇಡ. ಹೆಂಡತಿಯ ಮೇಲೆ ಬಲವಂತ ಮಾಡಿದರೆ ಅತ್ಯಾಚಾರ ಅಂತ ಇಲ್ಲಿ 1991ರಿಂದ ಕಾನೂನಿದೆ.

ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಬೇರೆ ಥರ. ಗಂಡ ಅಥವಾ ಹೆಂಡತಿಯ ನಪುಂಸಕತ್ವದಿಂದ ದೈಹಿಕ ಸಂಬಂಧವೇ ನಡೆದಿಲ್ಲ ಅಂದ್ರೆ ಮದುವೆ ರದ್ದು ಮಾಡಿಸಬಹುದು. 2007ರಲ್ಲಿ ಸುಪ್ರೀಂ ಕೋರ್ಟ್ ಸಮರ್ ಘೋಷ್ ಪ್ರಕರಣದಲ್ಲಿ, ದೈಹಿಕ ಅಸಾಮರ್ಥ್ಯವೋ ಸರಿಯಾದ ಕಾರಣವೋ ಇಲ್ಲದೆ ಬಹುಕಾಲ ಸಂಬಂಧಕ್ಕೆ ನಿರಾಕರಿಸೋದು ಮಾನಸಿಕ ಕ್ರೌರ್ಯ ಆಗಬಹುದು ಅಂತು. ಇನ್ನು 18 ದಾಟಿದ ಹೆಂಡತಿಯ ಮೇಲೆ ಗಂಡನ ಬಲವಂತವನ್ನ ಹೊಸ ಭಾರತೀಯ ನ್ಯಾಯ ಸಂಹಿತೆಯೂ ಅತ್ಯಾಚಾರದ ವ್ಯಾಖ್ಯಾನದಿಂದ ಹೊರಗೇ ಇಟ್ಟಿದೆ.

2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದ ಒಂದು ಪ್ರಕರಣ ನೋಡಿ. ಗಂಡ ಒಂದು ಆಧ್ಯಾತ್ಮಿಕ ಪಂಥದ ಅನುಯಾಯಿ. ಪ್ರೀತಿ ದೇಹದ್ದಲ್ಲ, ಆತ್ಮದ್ದು ಅನ್ನೋ ನಂಬಿಕೆ. ಮದುವೆಯಾದರೂ ದೈಹಿಕ ಸಂಬಂಧದ ಉದ್ದೇಶವೇ ಅವನಿಗಿರಲಿಲ್ಲ. ಹೆಂಡತಿ 498-ಎ ಅಡಿ ಕ್ರಿಮಿನಲ್ ದೂರು ಕೊಟ್ಟಳು. ಹೈಕೋರ್ಟ್ ಹೇಳಿದ್ದು: ಇದು ಹಿಂದೂ ವಿವಾಹ ಕಾಯ್ದೆಯಡಿ ಕ್ರೌರ್ಯ ಆಗುತ್ತೆ, ಆದರೆ ದಂಡ ಸಂಹಿತೆಯಡಿ ಅಪರಾಧ ಅಲ್ಲ. ಕ್ರಿಮಿನಲ್ ಕೇಸು ರದ್ದಾಯ್ತು. ಇದು ನಂಬಿಕೆಯ ಪ್ರಕರಣ, ಅಲೈಂಗಿಕತೆಯದ್ದಲ್ಲ. ಆದರೆ ಕಾನೂನಿನ ಮುಂದಿರೋ ಖಾನೆಗಳು ಇದರಿಂದ ಕಾಣ್ತವೆ: ಒಂದೋ ನಪುಂಸಕ, ಒಂದೋ ವೈರಾಗಿ, ಒಂದೋ ಕ್ರೂರಿ. ‘ನನಗೆ ಯಾರ ಮೇಲೂ ಹಂಗೆ ಅನ್ನಿಸಲ್ಲ’ ಅನ್ನೋ ಮಾಮೂಲಿ ಮನುಷ್ಯನಿಗೆ ಅಲ್ಲಿ ಖಾನೆ ಇಲ್ಲ.

ಆ ಹೆಂಡತಿಯ ಜಾಗದಲ್ಲೂ ನಿಂತು ನೋಡಬೇಕು. ತನ್ನದಲ್ಲದ ಕಾರಣಕ್ಕೆ ‘ನಾನೇ ಚೆನ್ನಾಗಿಲ್ವೇನೋ’ ಅಂತ ದಿನಾ ಕನ್ನಡಿ ಮುಂದೆ ನಿಲ್ಲೋ ಸ್ಥಿತಿ ಅದು. ಒಬ್ಬರ ಒಲವನ್ನ ಒಪ್ಪಿಕೊಳ್ಳೋದು ಇನ್ನೊಬ್ಬರ ಬದುಕನ್ನೂ ಕಾಪಾಡೋ ಕೆಲಸ.

ಐಂಡ್‌ಹೊವನ್, ಆಮ್‌ಸ್ಟಲ್‌ವೇನ್‌ನಂಥ ಊರುಗಳಲ್ಲಿ ನಮ್ಮವರು ಈಗ ಬೇಕಾದಷ್ಟಿದ್ದಾರೆ. ಇಲ್ಲಿ ದುಡಿಯೋ ಮೂವತ್ತು ದಾಟಿದ ಹುಡುಗನೋ ಹುಡುಗಿಯೋ ಭಾನುವಾರದ ವಿಡಿಯೋ ಕಾಲಲ್ಲಿ ಕೇಳೋ ಮಾತು ಒಂದೇ: ‘ಮದುವೆ ಆದ್ಮೇಲೆ ಎಲ್ಲ ಸರಿ ಹೋಗುತ್ತೆ ಕಣೋ.’ ಬಯೋಡೇಟಾದಲ್ಲಿ ಗೋತ್ರ, ನಕ್ಷತ್ರ, ಸಂಬಳ, ಎತ್ತರ, ವೀಸಾ ಎಲ್ಲ ಇರುತ್ತೆ. ಮದುವೆ ಊರಲ್ಲಿ, ಹಿಂದೂ ವಿವಾಹ ಕಾಯ್ದೆಯಡಿ. ಸಂಸಾರ ಇಲ್ಲಿ, ಅಪ್ಪ ಅಮ್ಮ ಅತ್ತೆ ಮಾವ ಯಾರೂ ಹತ್ತಿರ ಇಲ್ಲದ ಮನೆಯಲ್ಲಿ. ‘ಸರಿ ಹೋಗದೇ’ ಇದ್ದಾಗ ಆ ಇಬ್ಬರೇ ಅದನ್ನ ಅನುಭವಿಸಬೇಕು. ಇಂಥ ಮಾತು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೀನಿ. ಯಾರೂ ಸುಳ್ಳು ಹೇಳಬೇಕು ಅಂತ ಹೇಳಿರಲಿಲ್ಲ; ಏನಂತ ಹೇಳಬೇಕು ಅನ್ನೋದಕ್ಕೆ ಅವರ ಹತ್ತಿರ ಪದವೇ ಇರಲಿಲ್ಲ.

ಪದ ಇದ್ದರೆ ಮಾತು ಮುಂಚೆಯೇ ನಡೆಯುತ್ತೆ. ಹುಡುಗಿ ನೋಡೋಕೆ ಹೋಗೋ ಮೊದಲು ಅಮ್ಮನ ಹತ್ತಿರ ಹೇಳಬಹುದು. ಮದುವೆ ಬೇಡ ಅನ್ನಬಹುದು, ಅಥವಾ ತನ್ನ ಥರದವರನ್ನೇ ಹುಡುಕಿ ಆಗಬಹುದು, ಅಥವಾ ಎಲ್ಲ ಗೊತ್ತಿದ್ದೂ ಒಪ್ಪೋರ ಜೊತೆ ಬಾಳಬಹುದು. ನಿಮ್ಮ ಮಗನೋ ಮಗಳೋ ಹೀಗೆ ಬಂದು ಹೇಳಿದರೆ ಮೊದಲ ದಿನವೇ ಡಾಕ್ಟರು, ಜೋಯಿಸರು ಅಂತ ಓಡಬೇಡಿ. ‘ಯಾವಾಗಿನಿಂದ ಹೀಗೆ? ನಿನಗೆ ಇದರಿಂದ ಕಷ್ಟ ಆಗ್ತಿದೆಯಾ?’ ಅಂತ ಎರಡು ಪ್ರಶ್ನೆ ಕೇಳಿ. ‘ಯಾವಾಗಲೂ ಹೀಗೇ, ನನಗೇನೂ ಕಷ್ಟ ಇಲ್ಲ’ ಅಂತ ಉತ್ತರ ಬಂದರೆ, ವಾಸಿ ಮಾಡಬೇಕಾದ್ದು ಅಲ್ಲಿ ಏನೂ ಇಲ್ಲ. ಮುಂದಿನ ತಿಂಗಳು ನೋಡೋಕೆ ಬರ್ತೀವಿ ಅಂದಿದ್ದವರಿಗೆ ಫೋನ್ ಮಾಡಿ ಬೇಡ ಅಂತ ಹೇಳಿದರೆ ಸಾಕು.